ಬೇರೆಯವರ ಪಾರ್ಸೆಲ್ ನಮ್ಮ ಮನೆಗೆ ಬಂದಿದೆ, ಏನು ಮಾಡೋದು?

ಈ ಸಲದ ಪ್ರಶ್ನೆಗಳೆಲ್ಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರದ್ದು. ವಿಷಯ ಒಂದೇ: ತಪ್ಪಾಗಿ ಬಂದ ಪಾರ್ಸೆಲ್, ಇಲ್ಲವೇ ತಪ್ಪಾಗಿ ಬೇರೆಲ್ಲೋ ಹೋದ ಪಾರ್ಸೆಲ್. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮ್ಮ ಮನೆ ಹುಬ್ಬಳ್ಳಿ ನವನಗರದಲ್ಲಿದೆ. ಮನೆಯಲ್ಲಿ ಅತ್ತೆಯವರೊಬ್ಬರೇ ಇದ್ದಾಗ ಕೊರಿಯರ್ ಹುಡುಗ ಒಂದು ಪೆಟ್ಟಿಗೆ ಕೊಟ್ಟು ಹೋಗಿದ್ದಾನೆ. ಅಡ್ಡಹೆಸರು ನಮ್ಮದೇ, ಪಾಟೀಲ. ಆದರೆ ಇನಿಶಿಯಲ್ ಬೇರೆ, ಮನೆ ನಂಬರೂ ಬೇರೆ. ಯಾರೂ ಕೇಳಿಕೊಂಡು ಬಂದಿಲ್ಲ. 'ತೆಗೆದು ನೋಡೋಣ, ಒಳಗೆ ಬಿಲ್ ಇದ್ದರೆ ಫೋನ್ ನಂಬರ್ ಸಿಗುತ್ತದೆ' ಅಂತ ಮನೆಯವರು ಹೇಳ್ತಿದ್ದಾರೆ. ತೆಗೀಬಹುದಾ?

ಉತ್ತರ: ತೆಗೀಬೇಡಿ. ನಿಮ್ಮ ಮನೆಯವರ ಉದ್ದೇಶ ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಮ್ಮೆ ಟೇಪ್ ಕಿತ್ತರೆ ಒಳಗೆ ಏನಿತ್ತು, ಏನಿರಲಿಲ್ಲ ಅನ್ನೋ ಪ್ರಶ್ನೆ ನಿಮ್ಮ ತಲೆಗೇ ಬರುತ್ತದೆ. ಅಷ್ಟಕ್ಕೂ ಬೇಕಾದ ಮಾಹಿತಿ ಎಲ್ಲ ಪೆಟ್ಟಿಗೆಯ ಹೊರಗೇ ಇರುತ್ತದೆ.

ಲೇಬಲ್ಲನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿ. ಮೇಲುಗಡೆ ಉದ್ದ ಬಾರ್‌ಕೋಡ್, ಅದರ ಕೆಳಗೇ ಒಂದು ಉದ್ದನೆಯ ನಂಬರ್ ಇರುತ್ತದೆ, ಕೊರಿಯರ್‌ನವರು ಅದನ್ನೇ ಎಡಬ್ಲ್ಯೂಬಿ ನಂಬರ್ ಅನ್ನೋದು. ಪಾರ್ಸೆಲ್ ಎಲ್ಲಿಂದ ಹೊರಟಿತು, ಯಾರ ಕೈಗೆ ಹೋಗಬೇಕಿತ್ತು ಅಂತ ಕಂಪನಿಯವರು ಆ ನಂಬರಿನಿಂದಲೇ ಹುಡುಕುತ್ತಾರೆ. ಆಮೇಲೆ 'ಟು' ಅಂತ ತಗೊಳ್ಳುವವರ ವಿಳಾಸ. ಕೆಳಗೆ ಸಣ್ಣ ಅಕ್ಷರದಲ್ಲಿ 'ರಿಟರ್ನ್ ಅಡ್ರೆಸ್', ಅಂದರೆ ಕಳಿಸಿದವರ ಹೆಸರು, ಊರು. ಫೋನ್ ನಂಬರ್ ಇರಬಹುದು, ಇಲ್ಲದೆಯೂ ಇರಬಹುದು. ಈಗ ಎಷ್ಟೋ ಕಂಪನಿಗಳು ನಂಬರ್ ಮುಚ್ಚಿ ಬರೀ ಎಕ್ಸ್ ಎಕ್ಸ್ ಅಂತ ಹಾಕುತ್ತವೆ.

ಇನ್ನು ನೀವು ಇರೋದು ನವನಗರ ಆದ್ದರಿಂದ ಪಿನ್ ಕೋಡ್ ನೋಡೋದು ಬಹಳ ಮುಖ್ಯ. ಹುಬ್ಬಳ್ಳಿ ನವನಗರಕ್ಕೆ 580025. ಬಾಗಲಕೋಟೆಯಲ್ಲೂ ಒಂದು ನವನಗರ ಇದೆ, ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳಕೊಂಡವರಿಗಾಗಿ ಕಟ್ಟಿದ ಊರು, ಅದರ ಪಿನ್ 587103. ಎರಡೂ ಕಡೆ ಸೆಕ್ಟರು, ಕ್ರಾಸು, ಪಾಟೀಲರು, ಹಿರೇಮಠರು ಎಲ್ಲ ಇದ್ದಾರೆ. ಆರ್ಡರ್ ಮಾಡುವಾಗ ಯಾರೋ ಪಿನ್ ತಪ್ಪು ಹಾಕಿ ಊರ ಹೆಸರು ಬಿಟ್ಟರೆ ಪೆಟ್ಟಿಗೆ ಪಿನ್ ಹೇಳಿದ ಕಡೆಗೇ ಹೋಗುತ್ತದೆ. 1972ರ ಆಗಸ್ಟ್ 15ರಿಂದ ನಮ್ಮಲ್ಲಿ ಈ ಆರು ಅಂಕಿಯ ಲೆಕ್ಕ ನಡೆದಿದೆ. ಮೊದಲ ಮೂರು ಅಂಕಿ ನೋಡಿದರೇ ಯಾವ ಕಡೆಯದು ಅಂತ ತಿಳಿಯುತ್ತದೆ: 580 ಅಂದರೆ ಹುಬ್ಬಳ್ಳಿ-ಧಾರವಾಡ, 582 ಗದಗ ಕಡೆ, 581 ಹಾವೇರಿ ಮತ್ತು ಉತ್ತರ ಕನ್ನಡ. ಪಿನ್ ನಿಮ್ಮ ಬಡಾವಣೆಯದೇ ಆಗಿದ್ದರೆ ಆ ಪಾಟೀಲರು ನಿಮ್ಮ ಓಣಿಯಲ್ಲೋ ಪಕ್ಕದ ಕ್ರಾಸಿನಲ್ಲೋ ಇದ್ದಾರೆ ಅಂತ ಅರ್ಥ. ಹಾಗಿದ್ದರೆ ಕಂಪನಿಗೆ ಫೋನ್ ಮಾಡುವ ಮೊದಲು ಕಿರಾಣಿ ಅಂಗಡಿಯಲ್ಲಿ ಕೇಳಿ, ಹಾಲಿನವರನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಮನೆಗಳು ಯಾವ ಆ್ಯಪಿಗೂ ಗೊತ್ತಿಲ್ಲ.

ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕೋದಾದರೆ ಲೇಬಲ್ಲಿನ ಫೋಟೋ ಮಾತ್ರ ಹಾಕಬೇಡಿ. ಯಾರದೋ ಫೋನ್ ನಂಬರ್, ಮನೆ ನಂಬರ್, ಏನು ತರಿಸಿದ್ದಾರೆ ಅನ್ನೋದೆಲ್ಲ ನೂರು ಜನರ ಕೈಗೆ ಹೋಗುತ್ತದೆ. 'ಪಾಟೀಲ ಅನ್ನುವವರ ಹೆಸರಿನ ಪಾರ್ಸೆಲ್ ನಮ್ಮಲ್ಲಿದೆ, ನಿಮ್ಮದಾದರೆ ಪೂರ್ತಿ ಹೆಸರು ಮತ್ತು ಎಲ್ಲಿಂದ ಬರಬೇಕಿತ್ತು ಅಂತ ಹೇಳಿ' ಅಂತ ಹಾಕಿ ಸಾಕು. ಸರಿಯಾಗಿ ಹೇಳಿದವರಿಗೆ ಅವರ ಆರ್ಡರ್ ಮೆಸೇಜ್ ನೋಡಿ ಕೊಡಿ.

ಇದ್ಯಾವುದೂ ಆಗಲಿಲ್ಲ ಅಂದರೆ ಕಂಪನಿಗೆ ತಿಳಿಸಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ವಂಚಕರು ಹಾಕಿದ ನಂಬರುಗಳೂ ಇರುತ್ತವೆ. ಲೇಬಲ್ ಮೇಲೆ ಇರುವುದು ಅಥವಾ ಅವರದೇ ಆ್ಯಪಿನಲ್ಲಿರುವುದು ಬಳಸಿ. ಎಡಬ್ಲ್ಯೂಬಿ ನಂಬರ್ ಕೊಟ್ಟು 'ಬಂದು ತಗೊಂಡು ಹೋಗಿ' ಅಂತ ಬರವಣಿಗೆಯಲ್ಲಿ ಕಳಿಸಿ, ಅವರು ಕೊಟ್ಟ ಕಂಪ್ಲೇಂಟ್ ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮ ಖರ್ಚಿನಲ್ಲಿ ಹೊತ್ತುಕೊಂಡು ಹೋಗಿ ಕೊಡಬೇಕಾಗಿಲ್ಲ, ತಪ್ಪು ನಿಮ್ಮದಲ್ಲವಲ್ಲ.

ಕಾನೂನು ಏನು ಹೇಳುತ್ತದೆ ಅಂತ ಬಹಳ ಜನ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. 1872ರ ಕರಾರು ಕಾಯ್ದೆಯ 72ನೇ ಕಲಮು ತಪ್ಪಿನಿಂದ ನಿಮ್ಮ ಕೈಗೆ ಬಂದ ಹಣವಾಗಲಿ ವಸ್ತುವಾಗಲಿ ವಾಪಸ್ ಕೊಡಬೇಕು ಅನ್ನುತ್ತದೆ. ನೂರೈವತ್ತು ವರ್ಷ ಹಳೆಯ ಮಾತು, ಇವತ್ತಿಗೂ ಅದೇ ಜಾರಿಯಲ್ಲಿದೆ. ಯಾರದು ಅಂತ ಗೊತ್ತಿದ್ದೂ ಸ್ವಂತಕ್ಕೆ ಬಳಸಿಕೊಂಡರೆ ಅದು ಅಪರಾಧ ಆಗಬಹುದು. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಲ್ಲಿ ಅಪ್ರಾಮಾಣಿಕ ದುರ್ಬಳಕೆಗೆ ಕನಿಷ್ಠ 6 ತಿಂಗಳಿಂದ 2 ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಕಾಯುವ ಸಲುವಾಗಿ, ಕೊಡುವ ಸಲುವಾಗಿ ಇಟ್ಟುಕೊಂಡವರಿಗೆ ಇದು ಅನ್ವಯಿಸೋದಿಲ್ಲ. ನೀವು ಈ ಎರಡನೇ ಗುಂಪಿನವರು, ಭಯ ಬೇಡ.

ಪ್ರಶ್ನೆ: ಪಕ್ಕದ ಬೀದಿಯ ಒಬ್ಬ ಹಿರಿಯರ ಹೆಸರಿನ ಪಾರ್ಸೆಲ್ ನಮ್ಮಲ್ಲಿ ಬಂದಿದೆ. ಪೆಟ್ಟಿಗೆ ಮೇಲೆ ತಣ್ಣಗೆ ಇಡಬೇಕು ಅಂತ ಚೀಟಿ ಅಂಟಿಸಿದ್ದಾರೆ, ಔಷಧಿ ಅಂಗಡಿಯ ಹೆಸರಿದೆ. ಅವರ ಮನೆಗೆ ಬೀಗ. ಇದನ್ನು ಹಾಗೇ ಹೊರಗೆ ಇಟ್ಟರೆ ನಡೆಯುತ್ತಾ? (ಹಾವೇರಿ)

ಉತ್ತರ: ನಡೆಯೋದಿಲ್ಲ, ಈ ಪುಟ ಓದುವವರೆಗೂ ಕಾಯದೆ ಈಗಾಗಲೇ ಫ್ರಿಜ್‌ನಲ್ಲಿ ಇಟ್ಟಿದ್ದೀರಿ ಅಂದುಕೊಳ್ಳುತ್ತೇನೆ. ಇನ್ಸುಲಿನ್ ಇದ್ದರೆ ಅದನ್ನು ಬಳಸುವವರೆಗೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಪೆಟ್ಟಿಗೆಯನ್ನು ತೆಗೆಯದೆ, ಹಾಗೇ ಕೆಳಗಿನ ಶೆಲ್ಫಿನಲ್ಲಿಡಿ. ಫ್ರೀಜರಿನಲ್ಲಿ ಮಾತ್ರ ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರೋದಿಲ್ಲ. ಲೇಬಲ್ ಮೇಲಿನ ಔಷಧಿ ಅಂಗಡಿಗೆ ಅದೇ ದಿನ ಫೋನ್ ಮಾಡಿ, ಅವರ ಹತ್ತಿರ ರೋಗಿಯ ನಂಬರ್ ಇದ್ದೇ ಇರುತ್ತದೆ. ಕೊಡುವಾಗ ಎಷ್ಟು ಹೊತ್ತು ಹೊರಗಿತ್ತು, ಯಾವಾಗಿಂದ ಫ್ರಿಜ್‌ನಲ್ಲಿದೆ ಅಂತ ಮುಚ್ಚಿಡದೆ ಹೇಳಿ. ಅದನ್ನು ಬಳಸಬಹುದೋ ಬಾರದೋ ಅಂತ ಅವರು ಔಷಧಿ ಅಂಗಡಿಯವರನ್ನೋ ಡಾಕ್ಟರನ್ನೋ ಕೇಳಿ ತೀರ್ಮಾನ ಮಾಡಲಿ. ಬಟ್ಟೆ, ಚಪ್ಪಲಿ ಆದರೆ ನಾಲ್ಕು ದಿನ ತಡವಾದರೂ ಏನೂ ಆಗೋದಿಲ್ಲ. ಔಷಧಿ ಹಾಗಲ್ಲ, ಆ ಮನುಷ್ಯ ಅದಕ್ಕಾಗಿ ಕಾಯ್ತಾ ಇರ್ತಾರೆ.

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ನಮ್ಮದು ಬಾಡಿಗೆ ರೂಮುಗಳ ಕಟ್ಟಡ. ಕೋಚಿಂಗ್‌ಗೆ ಬರೋ ಹುಡುಗರು ಇರುತ್ತಾರೆ, ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋಗುತ್ತಾರೆ. ಅವರು ಬಿಟ್ಟು ಹೋದ ಮೇಲೂ ಅವರ ಹೆಸರಿಗೆ ಪುಸ್ತಕ, ಕವರು, ಒಮ್ಮೊಮ್ಮೆ ಬ್ಯಾಂಕಿನಿಂದ ಕಾರ್ಡು ಬರುತ್ತಲೇ ಇರುತ್ತವೆ. ಒಂದು ಡಬ್ಬ ತುಂಬಿದೆ. ನಾನು ಏನು ಮಾಡಲಿ?

ಉತ್ತರ: ಆ ಡಬ್ಬ ಇವತ್ತೇ ಖಾಲಿ ಮಾಡಿ ಸರ್. ಪುಸ್ತಕ ಒಂದು ವಿಷಯ, ಆದರೆ ಆ ಕವರುಗಳಲ್ಲಿ ಯಾವುದೋ ಹುಡುಗಿಯ ಇಂಟರ್‌ವ್ಯೂ ಪತ್ರ ಇರಬಹುದು, ದಾಖಲೆ ಪರಿಶೀಲನೆಗೆ ಬನ್ನಿ ಅನ್ನೋ ನೋಟಿಸ್ ಇರಬಹುದು. ಸಪ್ತಾಪುರಕ್ಕೆ ರಾಯಚೂರು, ಕೊಪ್ಪಳ, ವಿಜಯಪುರದ ಹಳ್ಳಿಗಳಿಂದ ಮಕ್ಕಳು ಬರೋದೇ ಅಂಥ ಒಂದು ಕಾಗದಕ್ಕಾಗಿ ಅಲ್ವಾ? ಮನೆಯಲ್ಲಿ ಹೊಲದ ಮೇಲೆ ಸಾಲ ಮಾಡಿ ಕಳಿಸಿರುತ್ತಾರೆ. ದಿನ ಮೀರಿದ ಮೇಲೆ ಸಿಕ್ಕರೆ ಏನು ಉಪಯೋಗ?

ಬಾಡಿಗೆಗೆ ಬಂದಾಗ ನೀವು ಆಧಾರ್ ಜೆರಾಕ್ಸು, ಫೋನ್ ನಂಬರು ತಗೊಂಡಿರುತ್ತೀರಿ. ಒಂದು ಸಂಜೆ ಕೂತು ಎಲ್ಲರಿಗೂ ಫೋನ್ ಮಾಡಿ. ಹೊರಗಿನಿಂದ ಏನು ಕಾಣುತ್ತದೋ ಅಷ್ಟು ಹೇಳಿ, ಯಾವ ಇಲಾಖೆಯದು, ಯಾವ ದಿನದ ಸೀಲು ಅಂತ. ಫೋನ್ ಹತ್ತದಿದ್ದರೆ ಅಂಚೆಯಲ್ಲಿ ಬಂದದ್ದನ್ನು ಒಡೆಯದೆ, ಮೇಲೆ 'ಈ ವಿಳಾಸದಲ್ಲಿ ಇಲ್ಲ' ಅಂತ ಬರೆದು ಪೋಸ್ಟ್‌ಮ್ಯಾನ್ ಕೈಗೆ ಕೊಡಿ, ಅದು ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಬ್ಯಾಂಕ್ ಕಾರ್ಡನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ನಾಳೆ ಆ ಖಾತೆಯಲ್ಲಿ ಏನಾದರೂ ಆದರೆ ಮೊದಲು ನಿಮ್ಮ ಕಟ್ಟಡದ ಹೆಸರೇ ಬರೋದು.

ಮುಂದಿನ ಸಲಕ್ಕೆ ಒಂದು ಮಾತು: ರೂಮ್ ಬಿಡುವ ದಿನ ಡಿಪಾಸಿಟ್ ವಾಪಸ್ ಕೊಡುವ ಮೊದಲು 'ಆ್ಯಪಿನಲ್ಲಿ, ಬ್ಯಾಂಕಿನಲ್ಲಿ ವಿಳಾಸ ಬದಲಿಸಿದೆಯಾ?' ಅಂತ ಕೇಳಿ. ಅರ್ಜಿ ಹಾಕುವ ಹುಡುಗರಿಗೂ ಹೇಳುತ್ತೇನೆ, ಮೂರು ತಿಂಗಳಿಗೊಮ್ಮೆ ರೂಮ್ ಬದಲಿಸುವವರು ಶಾಶ್ವತ ವಿಳಾಸಕ್ಕೆ ಊರಿನ ಮನೆಯನ್ನೇ ಕೊಡಿ. ನೀವಾಗಿ ಮುಖ್ಯ ಕಾಗದ ಕಳಿಸುವಾಗ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅದರೊಳಗೇ ಸೇರಿದೆ. ಅದೇ ವರ್ಷದ ಅಕ್ಟೋಬರ್‌ನಿಂದ 5 ರೂಪಾಯಿ ಮತ್ತು ಜಿಎಸ್‌ಟಿ ಜಾಸ್ತಿ ಕೊಟ್ಟರೆ ಓಟಿಪಿ ಹೇಳಿದವರಿಗೆ ಮಾತ್ರ ಕೊಡುವ ವ್ಯವಸ್ಥೆ ಇದೆ, ಕವರು ಬೇರೆ ಬಾಗಿಲಿಗೆ ಹೋದರೂ ಅಲ್ಲಿ ಬಿಟ್ಟು ಬರೋಕೆ ಆಗೋದಿಲ್ಲ.

ಪ್ರಶ್ನೆ: ನಮ್ಮದು ಬೆಟಗೇರಿ. ಮನೆಯಲ್ಲಿ ಮಗ್ಗ ಇದೆ, ನಾನು ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಸೀರೆ ಮಾರುತ್ತೇನೆ. ಬೆಂಗಳೂರಿನ ಒಬ್ಬ ಅಕ್ಕನಿಗೆ ಕಳಿಸಿದ ಸೀರೆಯನ್ನು ಕೊರಿಯರ್‌ನವರು ಬೇರೆ ಫ್ಲ್ಯಾಟಿಗೆ ಕೊಟ್ಟಿದ್ದಾರೆ. ಆ ಫ್ಲ್ಯಾಟಿನವರು 'ನಮಗೆ ಬಂದೇ ಇಲ್ಲ' ಅಂತಾರೆ. ಕೊರಿಯರ್‌ನವರು 'ಡೆಲಿವರ್ಡ್ ಆಗಿದೆ, ನಾವೇನೂ ಮಾಡೋಕಾಗಲ್ಲ, ರಸೀದಿ ಹಿಂದೆ ಓದಿ' ಅಂತಾರೆ. ಗಿರಾಕಿಗೆ ನಾನೇ ದುಡ್ಡು ವಾಪಸ್ ಕೊಟ್ಟೆ. ನನ್ನ ದುಡ್ಡು ಹೋದಂತೇನಾ?

ಉತ್ತರ: ಗಿರಾಕಿಗೆ ದುಡ್ಡು ವಾಪಸ್ ಕೊಟ್ಟದ್ದು ದೊಡ್ಡ ಮಾತು ತಂಗಿ. ನೂಲು, ಬಣ್ಣ, ಕೂಲಿ, ದಿನಗಟ್ಟಲೆ ಮಗ್ಗದ ಮುಂದೆ ಕೂತದ್ದು, ಅದರ ಲೆಕ್ಕ ಕೊರಿಯರ್ ಕೌಂಟರಿನಲ್ಲಿ ಕೂತವರಿಗೆ ಗೊತ್ತಾಗೋದಿಲ್ಲ. ಆದರೆ ದುಡ್ಡು ಹೋಯ್ತು ಅಂತ ಬಿಡಬೇಡಿ.

ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿ 'ಕಳೆದುಹೋದರೆ ಇಷ್ಟೇ ಕೊಡುತ್ತೇವೆ' ಅಂತ ಒಂದು ಚಿಕ್ಕ ಮೊತ್ತ ಬರೆದಿರುತ್ತಾರೆ. ಅದನ್ನೇ ಕೊನೇ ಮಾತು ಅಂತ ಹೇಳಿ ಜನರನ್ನು ಸಾಗಹಾಕುತ್ತಾರೆ, ಅದು ನನಗೆ ಸರಿ ಕಾಣೋದಿಲ್ಲ. ಇಲ್ಲಿ ಪಾರ್ಸೆಲ್ ಕಳೆದುಹೋಗಿಲ್ಲ, ವಿಳಾಸ ಸರಿಯಿದ್ದೂ ಬೇರೆ ಬಾಗಿಲಿಗೆ ಕೊಟ್ಟಿದ್ದಾರೆ. ಇದು ಸೇವೆಯ ಲೋಪ. ನಿಮ್ಮ ದೂರಿನಲ್ಲಿ ಇದನ್ನೇ ಒತ್ತಿ ಬರೆಯಿರಿ.

ಮೊದಲು ಡೆಲಿವರಿ ಪುರಾವೆ ಕೇಳಿ. ಸಹಿ ಯಾರದು, ಫೋಟೋ ಯಾವ ಬಾಗಿಲಿನದು, ಓಟಿಪಿ ಯಾವ ನಂಬರಿಗೆ ಹೋಯ್ತು, ಯಾವ ಹೊತ್ತಿಗೆ. ನಿಮ್ಮ ಗಿರಾಕಿ ಅಪಾರ್ಟ್‌ಮೆಂಟಿನವರಾದರೆ ಗೇಟಿನ ರಿಜಿಸ್ಟರ್, ಕ್ಯಾಮೆರಾ ನೋಡಲು ಅಲ್ಲಿನ ಸಂಘದವರನ್ನು ಕೇಳಲಿ. ಕ್ಯಾಮೆರಾ ಹಳೆಯ ದೃಶ್ಯ ಹೆಚ್ಚು ದಿನ ಉಳಿಸಿಕೊಳ್ಳೋದಿಲ್ಲ, ತಡ ಮಾಡಬಾರದು. ಇದೆಲ್ಲ ಸೇರಿಸಿ ಕೊರಿಯರ್ ಕಂಪನಿಗೆ ಇಮೇಲ್ ಮಾಡಿ.

ಅವರು ಕಿವಿಗೊಡದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಗದಗಿನ ಜಿಲ್ಲಾ ಗ್ರಾಹಕರ ಆಯೋಗ. 'ನೀವು ವ್ಯಾಪಾರ ಮಾಡೋರು, ಗ್ರಾಹಕರಲ್ಲ' ಅಂತ ಎದುರಿನವರು ವಾದ ಮಾಡಬಹುದು. ಅದಕ್ಕೆ ಉತ್ತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾಡುವ ಸ್ವಯಂ ಉದ್ಯೋಗಕ್ಕೆ ವಸ್ತು ಕೊಂಡವರನ್ನು ವಾಣಿಜ್ಯ ಉದ್ದೇಶದವರು ಅಂತ ಕಾಯ್ದೆ ನೋಡೋದಿಲ್ಲ. ಸೇವೆ ತಗೊಂಡವರಿಗೂ ಅದೇ ತತ್ವ ಅನ್ವಯಿಸಬೇಕು ಅಂತ ವಾದಿಸಿ. ದೂರನ್ನು ನೀವಿರುವ ಜಿಲ್ಲೆಯಲ್ಲೇ ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದ ಒಳಗೆ ಕೊಡಬೇಕು.

ಮುಂದೆ ಬೆಲೆಯ ಸೀರೆ ಕಳಿಸುವಾಗ ಬುಕಿಂಗ್ ಚೀಟಿಯಲ್ಲಿ ನಿಜವಾದ ಬೆಲೆ ಬರೆಸಿ, ವಿಮೆ ಮಾಡಿಸಿ. ಹತ್ತು ರೂಪಾಯಿ ಉಳಿಸಲು ಕಡಿಮೆ ಬೆಲೆ ಬರೆಸಿದರೆ ಆಮೇಲೆ ಅಷ್ಟೇ ಸಿಗೋದು.

ಪ್ರಶ್ನೆ: ಆ್ಯಪಿನಲ್ಲಿ 'ಡೆಲಿವರ್ಡ್' ಅಂತ ತೋರಿಸುತ್ತಿದೆ, ನನ್ನ ಕೈಗೆ ಬಂದಿಲ್ಲ. ಎಷ್ಟು ದಿನ ಕಾಯಬೇಕು? (ಗೋಕುಲ ರೋಡ್, ಹುಬ್ಬಳ್ಳಿ)

ಉತ್ತರ: ಕಾಯಬೇಡಿ. ಅಕ್ಕಪಕ್ಕ ಕೇಳಿ, ಸಿಗದಿದ್ದರೆ ಅದೇ ದಿನ ಆ್ಯಪಿನಲ್ಲಿ ದೂರು ಹಾಕಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ಮಾರಾಟದ ಕಂಪನಿಯಲ್ಲಿ ಕುಂದುಕೊರತೆ ಅಧಿಕಾರಿ ಇರಲೇಬೇಕು, ದೂರು ಬಂತು ಅಂತ 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. 'ಕೊರಿಯರ್‌ನವರನ್ನು ಕೇಳಿ' ಅಂತ ನಿಮ್ಮನ್ನು ಅವರ ಕಡೆ ತಳ್ಳಿದರೆ ಒಪ್ಪಬೇಡಿ, ನೀವು ದುಡ್ಡು ಕೊಟ್ಟದ್ದು ಇವರಿಗೆ.

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನಮ್ಮ ಅಪ್ಪ ಒಬ್ಬರೇ ಇರುತ್ತಾರೆ. 'ನಿಮ್ಮ ಮಗನ ಪಾರ್ಸೆಲ್, 800 ರೂಪಾಯಿ ಕೊಡಿ' ಅಂತ ಹೇಳಿ ಕೊಟ್ಟು ಹೋಗಿದ್ದಾರೆ. ನಾನು ಏನೂ ತರಿಸಿಲ್ಲ. ತೆಗೆದು ನೋಡಿದರೆ ಹಳೇ ಬಟ್ಟೆ. ಇದು ತಪ್ಪಿ ಬಂದದ್ದಾ, ಮೋಸಾನಾ?

ಉತ್ತರ: ಹೆಸರು, ವಿಳಾಸ ನಿಮ್ಮದೇ ಇದ್ದು ಒಳಗೆ ಕೆಲಸಕ್ಕೆ ಬಾರದ ವಸ್ತು ಇದ್ದರೆ ಮೋಸ ಅಂತಲೇ ತಿಳಿಯಿರಿ. ದುಡ್ಡು ತಗೊಳ್ಳುವ ಹುಡುಗನಿಗೆ ಬಹಳ ಸಲ ಇದು ಗೊತ್ತಿರೋದಿಲ್ಲ. ಲೇಬಲ್, ಪೆಟ್ಟಿಗೆ, ಬಟ್ಟೆ ಎಲ್ಲದರ ಫೋಟೋ ತೆಗೆದು 1915ಕ್ಕೆ ದೂರು ಕೊಡಿ. ಫೋನಿನಲ್ಲಿ ಲಿಂಕು, ಓಟಿಪಿ, ಆನ್‌ಲೈನ್ ಪಾವತಿ ಏನಾದರೂ ನಡೆದಿದ್ದರೆ ತಕ್ಷಣ 1930ಕ್ಕೆ, ಅದು ಸೈಬರ್ ವಂಚನೆಯ ಸಹಾಯವಾಣಿ.

ದುಡ್ಡೇ ಕೇಳದೆ, ನೀವು ತರಿಸದ ಸಣ್ಣ ವಸ್ತು ನಿಮ್ಮ ಹೆಸರಿಗೇ ಬರೋದೂ ಉಂಟು. ಕೆಲವು ಮಾರಾಟಗಾರರು ಹೀಗೆ ಕಳಿಸಿ, ನೀವೇ ಕೊಂಡಂತೆ ತೋರಿಸಿ ಸುಳ್ಳು ವಿಮರ್ಶೆ ಬರೆದುಕೊಳ್ಳುತ್ತಾರೆ. ಹಾಗೆ ಬಂದರೆ ನಿಮ್ಮ ಖಾತೆಯ ಪಾಸ್‌ವರ್ಡ್ ಬದಲಿಸಿ, ಒಳಗಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ.

ಅಪ್ಪನಿಗೆ ಒಂದೇ ಮಾತು ಹೇಳಿಕೊಡಿ: 'ಮಗನಿಗೆ ಫೋನ್ ಮಾಡದೆ ದುಡ್ಡು ಕೊಡೋದಿಲ್ಲ'. ಇನ್ನೊಂದು ಬಗೆಯ ಮೋಸ ಇದೆ, ಕೊರಿಯರ್‌ನವರ ಹಾಗೆ ಫೋನ್ ಮಾಡಿ 'ನಿಮ್ಮ ಪಾರ್ಸೆಲ್ ತಪ್ಪು ಕಡೆ ಹೋಗಿದೆ, ಈ ಕೋಡ್ ಒತ್ತಿ' ಅನ್ನುತ್ತಾರೆ. ಸ್ಟಾರು, ಹ್ಯಾಶು ಇರುವ ಆ ಕೋಡ್ ಒತ್ತಿದರೆ ನಿಮ್ಮ ಕರೆಗಳೆಲ್ಲ ಅವರ ಫೋನಿಗೆ ತಿರುಗಬಹುದು, ಬ್ಯಾಂಕಿನ ಓಟಿಪಿ ಕರೆಯೂ ಸೇರಿ. ಅಪ್ಪನಿಗೆ ಇದನ್ನು ಎದುರಿಗೆ ಕೂತು ತೋರಿಸಿ ಹೇಳಿ, ಫೋನಿನಲ್ಲಿ ಹೇಳಿದರೆ ನೆನಪಿರೋದಿಲ್ಲ.

ಪ್ರಶ್ನೆ: ನಾನು ಗದಗಿನಲ್ಲಿ ಡೆಲಿವರಿ ಕೆಲಸ ಮಾಡುತ್ತೇನೆ. ಬೈಕು ನನ್ನದೇ, ಪೆಟ್ರೋಲ್ ನನ್ನದೇ. ವಿಳಾಸದಲ್ಲಿ 'ಗುಡಿ ಹಿಂದೆ, ನೀರಿನ ಟ್ಯಾಂಕ್ ಹತ್ರ' ಅಂತಷ್ಟೇ ಇರುತ್ತದೆ. ಒಂದು ಪಾರ್ಸೆಲ್ ತಪ್ಪು ಮನೆಗೆ ಕೊಟ್ಟೆ, ವಾಪಸ್ ಕೇಳಲು ಹೋದರೆ ಅವರು ಕಳ್ಳನನ್ನು ನೋಡಿದ ಹಾಗೆ ನೋಡಿ ಬಾಗಿಲು ಹಾಕಿದರು. ಅದರ ಬೆಲೆ ನನ್ನ ದುಡ್ಡಿನಲ್ಲಿ ಹಿಡಿದರು. ನಮ್ಮ ಕಡೆಗೂ ಯಾರಾದರೂ ನೋಡುತ್ತಾರಾ?

ಉತ್ತರ: ನಿಮ್ಮ ಪತ್ರ ಬಂದದ್ದು ಒಳ್ಳೆಯದಾಯ್ತು. ಈ ಪುಟ ಓದುವ ಎಲ್ಲರಿಗೂ ಹೇಳುತ್ತೇನೆ: ತಪ್ಪಿ ಕೊಟ್ಟ ಹುಡುಗ ವಾಪಸ್ ಬಂದರೆ ಬಾಗಿಲು ಹಾಕಬೇಡಿ. ಅವನ ಆ್ಯಪಿನಲ್ಲಿರುವ ಎಡಬ್ಲ್ಯೂಬಿ ನಂಬರ್ ಮತ್ತು ಪೆಟ್ಟಿಗೆಯ ನಂಬರ್ ಒಂದೇನಾ ನೋಡಿ. ಒಂದೇ ಇದ್ದರೆ ಅವನ ಹೆಸರು, ಹೊತ್ತು ಬರೆದುಕೊಂಡು ಕೊಟ್ಟುಬಿಡಿ. ಆ ಪೆಟ್ಟಿಗೆಯ ಬೆಲೆ ಅವನ ಒಂದು ವಾರದ ದುಡಿಮೆ ಇರಬಹುದು.

ವಿಳಾಸ ಬರೆಯುವವರೂ ಸ್ವಲ್ಪ ಕಷ್ಟಪಡಬೇಕು. ಪೂರ್ತಿ ಹೆಸರು, ಮನೆ ನಂಬರ್, ಕ್ರಾಸ್, ಎಲ್ಲರಿಗೂ ಗೊತ್ತಿರುವ ಗುರುತು, ಗದಗಿಗೆ 582101, ಬೆಟಗೇರಿಗೆ 582102 ಅಂತ ಸರಿಯಾದ ಪಿನ್. ಅವಳಿ ಊರು ಅಂತ ಒಂದರ ಪಿನ್ ಇನ್ನೊಂದಕ್ಕೆ ಹಾಕಿದರೆ ಬಿಸಿಲಲ್ಲಿ ಅಲೆಯೋದು ಇವರೇ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ, ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಪ್ರತಿ ಜಾಗಕ್ಕೂ 10 ಅಕ್ಷರ-ಅಂಕಿಗಳ ಒಂದು ಗುರುತು. ಗುಡಿ ಹಿಂದಿನ ಮನೆಗಳಿಗೆ ಅದು ಬಹಳ ಅನುಕೂಲ. ಕೊನೇ ಪಕ್ಷ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ.

ಇನ್ನು ನಿಮ್ಮ ದುಡ್ಡಿನ ವಿಷಯ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕೆಲಸಗಾರರ (ಆ್ಯಪ್ ಮೂಲಕ ಕೆಲಸ ಮಾಡುವವರ) ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಬಂದಿದೆ. ಅದರಲ್ಲಿ ಕೆಲಸಗಾರರ ನೋಂದಣಿ, ಕಲ್ಯಾಣ ಮಂಡಳಿ, ದೂರು ಕೊಡುವ ದಾರಿ ಇದೆ. ನೀವು ಆ್ಯಪ್ ಮೂಲಕ ಕೆಲಸ ಮಾಡುವವರಾದರೆ ಗದಗಿನ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ನಿಮ್ಮ ಹೆಸರು ನೋಂದಣಿ ಆಗಿದೆಯಾ ಅಂತ ವಿಚಾರಿಸಿ. ಏಜೆನ್ಸಿಯ ಕೆಳಗೆ ಇದ್ದರೆ ಯಾವ ಪಾರ್ಸೆಲ್‌ಗೆ ಎಷ್ಟು ಹಿಡಿದರು, ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ, ಅದೇ ಕಚೇರಿಯಲ್ಲಿ ದೂರು ಕೊಡಿ. ತಪ್ಪು ಗೊತ್ತಾದ ತಕ್ಷಣ ಹಬ್‌ಗೆ ಮೆಸೇಜ್ ಹಾಕಿ, ವಾಪಸ್ ಕೇಳಲು ಹೋದಾಗ ಮನೆಯ ಗುರುತು, ಹೊತ್ತು ಬರೆದಿಡಿ. ಆ ಮನೆಯವರು ಕೊಡೋದೇ ಇಲ್ಲ ಅಂದರೆ ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಕಂಪನಿಯವರೇ ಪೊಲೀಸರಿಗೆ ತಿಳಿಸಲಿ ಅಂತ ಆ ಮೆಸೇಜಿನಲ್ಲೇ ಬರೆಯಿರಿ.